ಹೀನ ಧಾನ್ಯದ ಭಾಗ್ಯೋದಯ

ಕೆಲವು ತಿಂಗಳ ಹಿಂದೆ ನನ್ನ ಎದೆಯ ಬೇನೆಯನ್ನು ಪರೀಕ್ಷಿಸಿದ ವೈದ್ಯರು ಔಷಧಗಳ ಪಟ್ಟಿಯ ಕೊನೆಯಲ್ಲಿ ಒಂದು ಆಹಾರದ ಹೆಸರನ್ನೂ ಬರೆದರು. ವಾರಕ್ಕೆ ನಾಲ್ಕು ದಿನವಾದರೂ ಬೆಳಗಿನ ಹೊತ್ತು ಓಟ್ಸ್ ತಿನ್ನಬೇಕೆಂದು ಅವರ ಅಪ್ಪಣೆ. ಮರುದಿನ ನನ್ನ ಸೊಸೆ ಒಂದು ತಟ್ಟೆಯನ್ನು ತಂದು ಮುಂದಿಟ್ಟಳು. ನಾನು ಗಂಜಿಯನ್ನು ನಿರೀಕ್ಷಿಸಿದ್ದೆ. ತಟ್ಟೆಯಲ್ಲಿದ್ದುದು ಮೇಲೆ ಹೊಂಬಣ್ಣಕ್ಕೆ ತಿರುಗಿದ, ಒಳಗೆ ಮೆತ್ತಗಿದ್ದ ಒಂದು ದಪ್ಪ ತುಂಡು. ಅದರ ನಡುನಡುವೆ ಸೇಬಿನ ಹೋಳುಗಳು, ಒಣದ್ರಾಕ್ಷಿ. ದಾಲ್ಚಿನ್ನಿಯ ಹಿತವಾದ ಪರಿಮಳ. “ಏನಮ್ಮ ಇದು?” ಎಂದೆ. “ಓಟ್ಸ್, ಮಾವ. ಹಣ್ಣು ಹಾಕಿ ಬೇಕ್ ಮಾಡಿದ್ದೀನಿ” ಎಂದಳು. ನಾನು ಥಟ್ಟನೆ, “ಕುದುರೆಯ ಮೇವನ್ನು ನನಗೆ ಬಡಿಸುವ ಕಾಲ ಬಂತೇ?” ಎಂದುಬಿಟ್ಟೆ. ಮನೆಯವರೆಲ್ಲ ನಕ್ಕರು.

ನಗೆ ಅಡಗಿದ ಮೇಲೆ ನನಗೆ ಸ್ವಲ್ಪ ನಾಚಿಕೆಯಾಯಿತು. ಅದಕ್ಕೆ ಎರಡು ಕಾರಣಗಳುಂಟು. ನಾನು ಆಡಿದುದು ನನ್ನ ಮಾತಾಗಿರಲಿಲ್ಲ, ಎರಡೂವರೆ ಶತಮಾನಕ್ಕೂ ಹಿಂದೆ ಲಂಡನ್ನಿನ ಪಂಡಿತನೊಬ್ಬ ಒಂದು ಇಡೀ ಜನಾಂಗವನ್ನು ಚುಚ್ಚಲು ಬಳಸಿದ ಮಾತಾಗಿತ್ತು, ಇದು ಮೊದಲನೆಯದು. ಎರಡನೆಯ ಕಾರಣ ನನ್ನ ಸ್ವಂತದ್ದು. ಅದನ್ನು ಕೊನೆಗೆ ಹೇಳುತ್ತೇನೆ. ವೃತ್ತಿಯಿಂದ ಇತಿಹಾಸದ ಅಧ್ಯಾಪಕನಾಗಿದ್ದವನಿಗೆ ತಟ್ಟೆಯಲ್ಲಿರುವ ತಿನಿಸಿನ ವಂಶಾವಳಿಯನ್ನು ಕೆದಕದೆ ತಿನ್ನುವುದು ಕಷ್ಟ. ಹಾಗೆ ಕೆದಕಿದಾಗ ದೊರೆತುದನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಓಟ್ಸ್ ಎಂಬ ಧಾನ್ಯದ ಹುಟ್ಟೇ ಅಗೌರವದ್ದು. ಪಶ್ಚಿಮ ಏಷ್ಯದ ಪ್ರಾಚೀನ ರೈತ ಅದನ್ನು ಬಿತ್ತಿದವನಲ್ಲ, ಕಿತ್ತೆಸೆದವನು. ಗೋಧಿ, ಬಾರ್ಲಿಗಳ ಹೊಲದಲ್ಲಿ ಅದು ಕಳೆಯಾಗಿ ಬೆಳೆಯುತ್ತಿತ್ತು. ಬಿತ್ತನೆಯ ಬೀಜದಲ್ಲಿ ಬೆರೆತು, ಬೇಸಾಯದ ಜೊತೆಜೊತೆಗೆ ತಾನೂ ಯುರೋಪಿನ ಉತ್ತರಕ್ಕೆ ಸಾಗಿತು. ಬಿಸಿಲು ಕಡಮೆಯಾಗಿ, ಮಳೆ ಹೆಚ್ಚಾಗಿ, ಮಣ್ಣು ಬಡವಾದಂತೆಲ್ಲ ಗೋಧಿ ಸೊರಗಿತು; ಕಳೆ ನಳನಳಿಸಿತು. ಕೊನೆಗೆ, ಈಗಿನಿಂದ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ, ಕಳೆಯನ್ನೇ ಬೆಳೆಯೆಂದು ಒಪ್ಪಿಕೊಳ್ಳದೆ ಅಲ್ಲಿನ ರೈತನಿಗೆ ಬೇರೆ ದಾರಿ ಉಳಿಯಲಿಲ್ಲ. ಧಾನ್ಯಗಳಲ್ಲಿ ಕೆಲವು ಹೀಗೆ ಕಳೆಯಾಗಿದ್ದು ಬೆಳೆಯಾದವು ಎಂಬ ವಿಚಾರವನ್ನು ಮುಂದಿಟ್ಟವರು ರಷ್ಯದ ಮಹಾವಿಜ್ಞಾನಿ ನಿಕೊಲಾಯ್ ವಾವಿಲೋವ್. ಲೋಕದ ಹಸಿವನ್ನು ನೀಗಲೆಂದು ಖಂಡಖಂಡಗಳ ಬೀಜಗಳನ್ನು ಸಂಗ್ರಹಿಸಿದ ಆ ಪುಣ್ಯಾತ್ಮ ೧೯೪೩ರಲ್ಲಿ ತನ್ನ ದೇಶದ ಸೆರೆಮನೆಯಲ್ಲಿಯೇ ಹಸಿವಿನಿಂದ ಕೃಶನಾಗಿ ಮಡಿದನೆಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ.

ಕಳೆಯಾಗಿದ್ದುದಕ್ಕೆ ಅಂಟಿದ ಕಳಂಕ ಅಷ್ಟು ಬೇಗ ಹೋಗುವಂಥದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಓಟ್ಸ್ ಎಂಬುದು ಬಾರ್ಲಿಗೆ ತಗಲುವ ಒಂದು ರೋಗ, ಕೆಟ್ಟ ಬಾರ್ಲಿಯೇ ಓಟ್ಸಾಗುತ್ತದೆ ಎಂದು ನಂಬಿದ್ದ. ಜರ್ಮನ್ ಬುಡಕಟ್ಟುಗಳು ಅದರ ಗಂಜಿಯನ್ನು ಕುಡಿದು ಬದುಕುತ್ತವೆಂಬುದನ್ನೂ ಅವನು ದಾಖಲಿಸಿದ್ದಾನೆ. ಗೋಧಿ ತಿನ್ನುವವನು ನಾಗರಿಕ. ಗಂಜಿ ಕುಡಿಯುವವನು ಅನಾಗರಿಕ. ಊಟದ ಎಲೆಯ ಮೇಲೆ ಎಳೆದ ಈ ಗೆರೆ ಅಂದಿನಿಂದ ಇಂದಿನವರೆಗೆ ಅನೇಕ ವೇಷಗಳಲ್ಲಿ ನಮಗೆ ಕಾಣಸಿಗುತ್ತದೆ.

ಈಗ ಆ ಲಂಡನ್ ಪಂಡಿತನ ಪ್ರಸಂಗಕ್ಕೆ ಬರೋಣ. ಸ್ಯಾಮ್ಯುಯೆಲ್ ಜಾನ್ಸನ್ನನ ಇಂಗ್ಲಿಷ್ ನಿಘಂಟು ಪ್ರಕಟವಾದುದು ೧೭೫೫ರಲ್ಲಿ. ಅದರಲ್ಲಿ ಓಟ್ಸ್ ಎಂಬ ಪದಕ್ಕೆ ಅರ್ಥ ಬರೆಯುವಾಗ ಆತ, ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಹಾಕುವ ಈ ಧಾನ್ಯ ಸ್ಕಾಟ್ಲೆಂಡಿನಲ್ಲಿ ಮನುಷ್ಯರನ್ನು ಸಾಕುತ್ತದೆ ಎಂಬ ಭಾವದ ವಾಕ್ಯವೊಂದನ್ನು ಹಾಕಿದ. ನಿಘಂಟುಗಳಲ್ಲಿ ನಗೆ ಅಪರೂಪ. ಆದುದರಿಂದ ಈ ವ್ಯಂಗ್ಯ ದೇಶವನ್ನೆಲ್ಲ ಸುತ್ತಿತು. ಇದನ್ನು ಕೇಳಿದ ಸ್ಕಾಟ್ಲೆಂಡಿನ ಲಾರ್ಡ್ ಎಲಿಬ್ಯಾಂಕ್, ಅಂಥ ಕುದುರೆಗಳೂ ಇಂಥ ಮನುಷ್ಯರೂ ಬೇರೆಲ್ಲಿ ಸಿಕ್ಕಾರು ಎಂಬರ್ಥದಲ್ಲಿ ಪ್ರತಿನುಡಿದನೆಂದು ಪ್ರತೀತಿ.

ಈ ಪ್ರಸಂಗಕ್ಕೆ ಒಂದು ಉತ್ತರಭಾಗವೂ ಉಂಟು. ಜಾನ್ಸನ್ನನ ಜೀವನಚರಿತ್ರೆಯನ್ನು ಬರೆದ ಬಾಸ್ವೆಲ್ ಹುಟ್ಟಿನಿಂದ ಸ್ಕಾಟ್ಲೆಂಡಿನವನು. ೧೭೭೬ರಲ್ಲಿ ಗುರುವಿನ ಜೊತೆ ಆತನ ಹುಟ್ಟೂರಾದ ಲಿಚ್‌ಫೀಲ್ಡಿಗೆ ಹೋದಾಗ, ಬೆಳಗಿನ ಉಪಾಹಾರಕ್ಕೆ ಬಂದುದು ಮೆತ್ತನೆಯ ಓಟ್ ರೊಟ್ಟಿ! ಕುದುರೆಯ ಮೇವು ಗುರುವಿನ ಊರಿನಲ್ಲಿಯೇ ಮನುಷ್ಯರ ಆಹಾರವಾಗಿದ್ದುದನ್ನು ಕಂಡು ತನಗಾದ ಸಂತೋಷವನ್ನು ಬಾಸ್ವೆಲ್ ಮುಚ್ಚಿಡದೆ ಬರೆದಿಟ್ಟಿದ್ದಾನೆ. ಜಾನ್ಸನ್ನನು ಪುಸ್ತಕದ ಅಂಗಡಿಯ ಮಗ, ಬಡತನವನ್ನು ಉಂಡು ಬೆಳೆದವನು. ತಾನು ಬಿಟ್ಟು ಬಂದ ಊರಿನ ರೊಟ್ಟಿಯನ್ನೇ ಮೇಲೆ ಬಂದವನು ಮೊದಲು ಹಳಿಯುತ್ತಾನೆಯೆ? ಈ ಪ್ರಶ್ನೆಯನ್ನು ನಾನು ಜಾನ್ಸನ್ನನಿಗೆ ಮಾತ್ರ ಕೇಳುತ್ತಿಲ್ಲವೆಂಬುದು ಮುಂದೆ ತಮಗೆ ತಿಳಿಯುತ್ತದೆ.

ಸ್ಕಾಟ್ಲೆಂಡಿನ ಜನ ಓಟ್ಸನ್ನು ಆರಿಸಿಕೊಂಡುದು ರುಚಿಗಾಗಿ ಅಲ್ಲ, ನೆಲ ಬೇರೇನನ್ನೂ ಧಾರಾಳವಾಗಿ ಕೊಡದಿದ್ದುದರಿಂದ. ಆದರೆ ಒಮ್ಮೆ ಆರಿಸಿಕೊಂಡ ಮೇಲೆ ಅದರ ಗುಣಸ್ವಭಾವಗಳನ್ನು ಅವರು ಚೆನ್ನಾಗಿ ಅರಿತರು. ಗೋಧಿ, ಅಕ್ಕಿಗಳಿಗಿಂತ ಓಟ್ಸಿನಲ್ಲಿ ಕೊಬ್ಬಿನ ಅಂಶ ಹೆಚ್ಚು. ಹಸಿಯಾಗಿಯೇ ಬೀಸಿಟ್ಟರೆ ಹಿಟ್ಟು ಬೇಗ ಕಮಟುತ್ತದೆ. ಆದುದರಿಂದ ಕಾಳನ್ನು ಮೊದಲು ಗೂಡಿನ ಕಾವಿನಲ್ಲಿ ಒಣಗಿಸಿ, ಬಳಿಕ ಹೊಟ್ಟು ತೆಗೆದು ಬೀಸುತ್ತಿದ್ದರು. ನೀರು ಕುದಿಸಿ, ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಲ್ಲಿ ಮರದ ಕೋಲಿನಿಂದ ತಿರುವಿ, ಉಪ್ಪು ಹಾಕಿದರೆ ಗಂಜಿ ಸಿದ್ಧ. ಆ ಕೋಲಿನ ಚಿತ್ರವನ್ನು ನೋಡಿದಾಗ ನನಗೆ ನಮ್ಮ ಮುದ್ದೆಯ ಕೋಲಿನ ನೆನಪಾಯಿತು. ಹೊಲದಾಳುಗಳಿಗೆ ಸಂಬಳದ ಒಂದು ಭಾಗವನ್ನು ಹಿಟ್ಟಿನ ರೂಪದಲ್ಲಿಯೇ ಅಳೆದು ಕೊಡುತ್ತಿದ್ದರು. ಸೇಂಟ್ ಆಂಡ್ರೂಸ್, ಗ್ಲಾಸ್ಗೊ, ಎಡಿನ್‌ಬರೊ ವಿಶ್ವವಿದ್ಯಾನಿಲಯಗಳಲ್ಲಿ ‘ಹಿಟ್ಟಿನ ಸೋಮವಾರ’ ಎಂಬ ರಜೆಯೇ ಇತ್ತು. ಬಡ ವಿದ್ಯಾರ್ಥಿಗಳು ಊರಿಗೆ ಹೋಗಿ, ಉಳಿದ ಅವಧಿಗೆ ಬೇಕಾದ ಓಟ್ ಹಿಟ್ಟಿನ ಚೀಲವನ್ನು ಹೊತ್ತು ತರಲೆಂದು ಕೊಟ್ಟ ರಜೆ ಅದು. ಒಂದು ದೇಶದ ಪಾಂಡಿತ್ಯ ಅವ್ವಂದಿರು ಕಟ್ಟಿಕೊಟ್ಟ ಹಿಟ್ಟಿನ ಗಂಟಿನ ಮೇಲೆ ನಿಂತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದೇ ಹಿಟ್ಟಿಗೆ ಒಂದು ಕ್ರೂರ ಅಧ್ಯಾಯವೂ ಇದೆ. ೧೮೪೬ರಲ್ಲಿ ಸ್ಕಾಟ್ಲೆಂಡಿನ ಮಲೆನಾಡಿನಲ್ಲಿಯೂ ದ್ವೀಪಗಳಲ್ಲಿಯೂ ಆಲೂಗಡ್ಡೆಯ ಬೆಳೆ ರೋಗದಿಂದ ಕೊಳೆತುಹೋಗಿ ಕ್ಷಾಮ ಬಂದಿತು. ಪರಿಹಾರದ ಹೊಣೆ ಹೊತ್ತವರು ಕಾಳಜಿಯಿಂದಲೇ ಆರಂಭಿಸಿದರಾದರೂ ಪುಕ್ಕಟೆ ಅನ್ನ ಜನರನ್ನು ಸೋಮಾರಿಗಳನ್ನಾಗಿಸುತ್ತದೆಂಬ ಭಯ ಅವರನ್ನು ಕಾಡಿತು. ದಿನವಿಡೀ ರಸ್ತೆ ಕೆಲಸ ಮಾಡಿದವನಿಗೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗಿಂತಲೂ ಕಡಮೆ, ಹಿಟ್ಟು ಎಂಬ ನಿಯಮ ಬಂದಿತು. ಆ ಕ್ಷಾಮದ ರಸ್ತೆಗಳಲ್ಲಿ ಕೆಲವು ಇಂದಿಗೂ ಇವೆ. ಹಿಡಿ ಹಿಟ್ಟಿಗಾಗಿ ಕಲ್ಲು ಒಡೆದ ಆ ಜನರಿಗೆ ತಾವು ತಿನ್ನುತ್ತಿರುವುದು ಆರೋಗ್ಯಕರ ಉಪಾಹಾರವೆಂದು ಯಾರಾದರೂ ಹೇಳಿದ್ದರೆ ಅವರು ಏನೆಂದುಕೊಳ್ಳುತ್ತಿದ್ದರೊ!

ಧಾನ್ಯಗಳಲ್ಲಿಯೂ ಕುಲವನ್ನು ಹುಡುಕುವ ಈ ರೋಗವನ್ನು ನಮ್ಮ ಕನಕದಾಸರು ಕಂಡಷ್ಟು ನಿಚ್ಚಳವಾಗಿ ಕಂಡವರು ವಿರಳ. ಹದಿನಾರನೆಯ ಶತಮಾನದಲ್ಲಿಯೇ ಅವರು ತಮ್ಮ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತವನ್ನೂ ರಾಗಿಯನ್ನೂ ಶ್ರೀರಾಮನ ಸಭೆಯಲ್ಲಿ ವಾದಕ್ಕೆ ನಿಲ್ಲಿಸಿದರು. ರಾಮ ತೀರ್ಪು ಕೊಡುವ ಮೊದಲು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದ. ಭತ್ತ ಕಂದಿತು, ರಾಗಿ ಕೆಡದೆ ಉಳಿಯಿತು. ಜಾನ್ಸನ್ನನ ನಿಘಂಟನ್ನು ಓದಿದಾಗಲೆಲ್ಲ, ಈ ಕನ್ನಡ ಕಾವ್ಯ ಆತನ ಕಿವಿಗೆ ಬಿದ್ದಿದ್ದರೆ ಚೆನ್ನಿತ್ತೆಂದು ನನಗೆ ಅನ್ನಿಸುತ್ತದೆ.

ಓಟ್ಸಿನ ಪಾಲಿಗೆ ರಾಮನ ತೀರ್ಪು ಬಂದುದು ಸ್ಕಾಟ್ಲೆಂಡಿನಿಂದಲ್ಲ, ಅಮೆರಿಕದಿಂದ. ಜರ್ಮನಿಯಿಂದ ಅಲ್ಲಿಗೆ ವಲಸೆ ಹೋದ ಫರ್ಡಿನೆಂಡ್ ಶೂಮಾಕರ್ ಎಂಬ ದಿನಸಿ ವ್ಯಾಪಾರಿ ಒಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ೧೮೫೦ರ ದಶಕದಲ್ಲಿ ಓಟ್ಸ್ ಗಿರಣಿಯನ್ನು ಆರಂಭಿಸಿದ. ಕೊಂಡವರು ಮೊದಲು ಜರ್ಮನ್, ಸ್ಕಾಟಿಷ್, ಐರಿಷ್ ವಲಸೆಗಾರರೇ. ಉಳಿದವರಿಗೆ ಅದು ಹಾಸ್ಯದ ವಸ್ತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸೈನ್ಯ ಅವನಿಂದ ಓಟ್ಸ್ ಕೊಂಡ ಮೇಲೆ ನಗೆ ಇಳಿಯಿತು. ಅವನ ವ್ಯಾಪಾರ ಏರಿತು.

ಆದರೂ ಒಂದು ತೊಡಕು ಉಳಿದಿತ್ತು. ಒಡೆದ ಓಟ್ ನುಚ್ಚು ಬೇಯಲು ಬಹಳ ಹೊತ್ತು ಬೇಕು. ಗಿರಣಿಯವರು ಹೊಟ್ಟು ತೆಗೆದ ಕಾಳನ್ನು ಆವಿಯಲ್ಲಿ ಮೆದುಮಾಡಿ, ಭಾರವಾದ ಉರುಳೆಗಳ ನಡುವೆ ಹಾಯಿಸಿ ಚಪ್ಪಟೆಯಾಗಿಸುವ ಉಪಾಯವನ್ನು ಕಂಡುಕೊಂಡರು. ನಮ್ಮ ಹೆಣ್ಣುಮಕ್ಕಳು ಭತ್ತವನ್ನು ನೆನೆಸಿ, ಹುರಿದು, ಒನಕೆಯಿಂದ ಕುಟ್ಟಿ ಅವಲಕ್ಕಿ ಮಾಡುತ್ತಿದ್ದ ತತ್ತ್ವವೇ ಇದು. ಕಬ್ಬಿಣದ ಉರುಳೆ ಒನಕೆಯ ಕೆಲಸ ಮಾಡಿತು, ಅಷ್ಟೆ. ಇಂದು ಅಂಗಡಿಯಲ್ಲಿ ಓಟ್ಸ್ ಎಂದು ನಾವು ಕೊಳ್ಳುವುದು ಈ ಓಟ್ ಅವಲಕ್ಕಿಯನ್ನೇ. ೧೮೭೭ರಲ್ಲಿ ಒಹಾಯೊದ ಇನ್ನೊಂದು ಗಿರಣಿ ಕ್ವೇಕರ್ ಪಂಥದ ಗೃಹಸ್ಥನೊಬ್ಬನ ಚಿತ್ರವನ್ನು ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿತು. ಗಿರಣಿಗೂ ಆ ಪಂಥಕ್ಕೂ ಯಾವ ಸಂಬಂಧವೂ ಇರಲಿಲ್ಲ. ಪ್ರಾಮಾಣಿಕರೆಂಬ ಅವರ ಕೀರ್ತಿಯಷ್ಟೇ ಬೇಕಾಗಿತ್ತು. ಪೀಪಾಯಿಯಿಂದ ಅಳೆದು ಮಾರುತ್ತಿದ್ದ ಧಾನ್ಯ ಈಗ ಮುದ್ದಾದ ಪೆಟ್ಟಿಗೆಯೊಳಗೆ ಕುಳಿತಿತು. ಪೆಟ್ಟಿಗೆಯ ಮೇಲೆ ಅಡುಗೆಯ ವಿಧಾನವೂ ಅಚ್ಚಾಯಿತು. ಹೀನ ಧಾನ್ಯಕ್ಕೆ ಹೀಗೆ ಹೊಸ ಉಡುಪು ದೊರೆಯಿತು.

ಓಟ್ಸಿಗೆ ಹಣ್ಣನ್ನು ಗಂಟುಹಾಕಿದವರ ಕಥೆಯೂ ಸ್ವಾರಸ್ಯವಾಗಿದೆ. ಸ್ವಿಟ್ಸರ್ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಖರ್-ಬೆನ್ನರ್ ೧೮೬೭ರಲ್ಲಿ ಹುಟ್ಟಿದರು. ಹಸಿ ಹಣ್ಣು ತರಕಾರಿಗಳನ್ನು ಅಂದಿನ ವೈದ್ಯಲೋಕ ಸತ್ತ್ವವಿಲ್ಲದ ಆಹಾರವೆಂದು ಬಗೆದಿತ್ತು. ವಿಟಮಿನ್ ಎಂಬ ಪದವೇ ಹುಟ್ಟಿದುದು ೧೯೧೨ರಲ್ಲಿ. ಹಸಿ ಹಣ್ಣೇ ಉತ್ತಮ ಔಷಧವೆಂದು ವಾದಿಸಿದ ಇವರನ್ನು ಜ಼ೂರಿಕ್ ನಗರದ ಸಹೋದ್ಯೋಗಿಗಳು ವಿಜ್ಞಾನದ ಎಲ್ಲೆ ಮೀರಿದವರೆಂದು ಜರೆದರು. ಬೆಟ್ಟದಲ್ಲಿ ನಡೆದು ದಣಿದಾಗ ಅಲ್ಲಿನ ದನಗಾಹಿಗಳ ಸರಳ ಊಟವನ್ನು ಕಂಡು ಅವರು ೧೯೦೦ರ ಸುಮಾರಿಗೆ ತಮ್ಮ ಹೆಸರಾದ ಉಪಾಹಾರವನ್ನು ರೂಪಿಸಿದರೆಂದು ಹೇಳುತ್ತಾರೆ. ಒಂದು ದೊಡ್ಡ ಚಮಚದಷ್ಟು ಓಟ್ಸನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ನಿಂಬೆರಸ ಮತ್ತು ಗಟ್ಟಿಹಾಲು ಬೆರೆಸಿ, ಅದಕ್ಕೆ ಸುಮಾರು ೨೦೦ ಗ್ರಾಂ ಸೇಬನ್ನು ಸಿಪ್ಪೆ, ಬೀಜಗಳ ಸಹಿತ ತುರಿದು ಹಾಕಿ, ಮೇಲೆ ಬಾದಾಮಿಯಂಥ ಬೀಜಗಳ ಪುಡಿ ಉದುರಿಸುವುದು. ಲೆಕ್ಕವನ್ನು ಗಮನಿಸಬೇಕು: ಅಲ್ಲಿ ಸೇಬು ಯಜಮಾನ, ಓಟ್ಸ್ ಪರಿಚಾರಕ. ಸ್ವಿಸ್ ಜರ್ಮನ್ ಆಡುನುಡಿಯಲ್ಲಿ ಅದಕ್ಕೆ ‘ಮ್ಯೂಸ್ಲಿ’, ಎಂದರೆ ಪುಟ್ಟ ಕಲಸು, ಎಂಬ ಹೆಸರು ಬಿದ್ದಿತು. ೧೯೦೪ರಲ್ಲಿ ಜ಼ೂರಿಕ್ ಬೆಟ್ಟದ ಮೇಲೆ ಅವರು ತೆರೆದ ಆರೋಗ್ಯಧಾಮಕ್ಕೆ ಯುರೋಪಿನ ಸಿರಿವಂತರು ಬಂದರು; ೧೯೦೯ರಲ್ಲಿ ಕಾದಂಬರಿಕಾರ ಥಾಮಸ್ ಮಾನ್ ಕೂಡ ಬಂದು, ಅಲ್ಲಿನ ಕಟ್ಟುಪಾಡಿಗೆ ಗೊಣಗಿದರು. ಸೂರ್ಯನ ಶಕ್ತಿ ಹಸಿ ಆಹಾರದಲ್ಲಿ ನೇರವಾಗಿ ಅಡಗಿದೆಯೆಂಬ ವೈದ್ಯರ ಸಿದ್ಧಾಂತ ವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ; ಅವರ ತಟ್ಟೆ ಮಾತ್ರ ನಿಂತಿತು. ದನಗಾಹಿಯ ಊಟಕ್ಕೆ ಸಿರಿವಂತರು ಹಣ ತೆತ್ತು ಸಾಲು ನಿಂತುದು ಚರಿತ್ರೆಯ ಒಂದು ವಿನೋದ.

ಇನ್ನು ನನ್ನ ಸೊಸೆ ತಂದಿಟ್ಟ ಬೇಯಿಸಿದ ತಿನಿಸು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಆಮಿಷ್, ಮೆನೊನೈಟ್ ಎಂಬ ಸರಳ ಜೀವನದ ಪಂಥಗಳಿವೆ. ಸ್ವಿಟ್ಸರ್ಲೆಂಡ್ ಮತ್ತು ರೈನ್ ನದಿಯ ಬಯಲುಗಳಲ್ಲಿ ಮತದ ಕಾರಣಕ್ಕಾಗಿ ಹಿಂಸೆಗೊಳಗಾಗಿ ವಲಸೆ ಬಂದವರ ಸಂತತಿ ಅವರು. ಓಟ್ಸನ್ನು ಹಣ್ಣಿನೊಡನೆ ಒಲೆಯಲ್ಲಿ ಬೇಯಿಸಿ ಬೆಳಿಗ್ಗೆ ಹಾಲಿನೊಡನೆ ತಿನ್ನುವ ರೂಢಿಯನ್ನು ಸಾಮಾನ್ಯವಾಗಿ ಅವರ ಮನೆಗಳಿಗೆ ಸೇರಿಸಿ ಹೇಳುತ್ತಾರೆ. ಇದು ಬಹಳ ಪುರಾತನವಾದ ತಿನಿಸೆಂಬ ಭಾವನೆ ಹಲವರಲ್ಲಿದೆ. ನನಗೆ ಹಾಗೆ ತೋರುವುದಿಲ್ಲ. ಇಂದಿನ ರೂಪದಲ್ಲಿ ಅದಕ್ಕೆ ಬೇಕಾದುದು ಗಿರಣಿಯ ಚಪ್ಪಟೆ ಓಟ್ಸ್ ಮತ್ತು ಬೇಕಿಂಗ್ ಪೌಡರ್. ಮೊದಲನೆಯದು ಮಾರುಕಟ್ಟೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಎರಡನೆಯದು ಅದೇ ಶತಮಾನದ ಮಧ್ಯಭಾಗದಲ್ಲಿ. ಆದುದರಿಂದ ಅಜ್ಜಿಯ ಕಾಲದ್ದೆಂದು ನಾವು ತಿಳಿಯುವ ಈ ತಿನಿಸು ಯಂತ್ರಯುಗದ ಕೂಸು. ಸಂಪ್ರದಾಯಗಳಲ್ಲಿ ಅನೇಕವು ನಾವು ಊಹಿಸುವುದಕ್ಕಿಂತ ಚಿಕ್ಕ ವಯಸ್ಸಿನವು.

ಮಾಡುವ ಕ್ರಮವನ್ನು ಸೊಸೆಯಿಂದ ಕೇಳಿ ಬರೆದುಕೊಂಡಿದ್ದೇನೆ. ಎರಡು ಬಟ್ಟಲು ಓಟ್ಸಿಗೆ ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ದಾಲ್ಚಿನ್ನಿ ಪುಡಿ. ಒಂದೂವರೆ ಬಟ್ಟಲು ಹಾಲಿಗೆ ಎರಡು ಚಮಚ ಕರಗಿದ ಬೆಣ್ಣೆ. ಅಮೆರಿಕದವರು ಮೊಟ್ಟೆ ಒಡೆದು ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದರ ಬದಲು ಚೆನ್ನಾಗಿ ಕಳಿತ ಎರಡು ಬಾಳೆಹಣ್ಣನ್ನು ಕಿವುಚಿ ಸೇರಿಸುತ್ತಾರೆ. ಅದು ಹಿಟ್ಟನ್ನು ಹಿಡಿದಿಡುತ್ತದೆ, ಸಕ್ಕರೆಯ ಅಗತ್ಯವನ್ನೂ ತಪ್ಪಿಸುತ್ತದೆ. ಎಲ್ಲವನ್ನೂ ಸೇಬಿನ ಹೋಳುಗಳೊಡನೆ ಬೆರೆಸಿ, ಬೆಣ್ಣೆ ಸವರಿದ ತಟ್ಟೆಗೆ ಸುರಿದು, ಓಟ್ಸ್ ಹಾಲನ್ನು ಹೀರಲೆಂದು ಹತ್ತು ನಿಮಿಷ ಬಿಟ್ಟು, ೧೮೦ ಡಿಗ್ರಿ ಕಾವಿನಲ್ಲಿ ಮೂವತ್ತೈದರಿಂದ ನಲವತ್ತು ನಿಮಿಷ ಬೇಯಿಸಬೇಕು. ಆರಿದ ಮೇಲೆ ಕತ್ತರಿಸಿದರೆ ತುಂಡು ಪುಡಿಯಾಗುವುದಿಲ್ಲ.

ಇದರಿಂದ ಎದೆಗೆ ನಿಜವಾಗಿ ಒಳಿತುಂಟೆ? ಈ ಪ್ರಶ್ನೆಗೆ ೧೯೬೩ರಲ್ಲಿ ಡಚ್ ವಿಜ್ಞಾನಿಗಳು ಒಂದು ಸರಳ ಪ್ರಯೋಗದಿಂದ ಉತ್ತರ ಹುಡುಕಿದರು. ಕೆಲವರಿಗೆ ಮೂರು ವಾರ ಓಟ್ಸ್ ಬೆರೆಸಿ ಬೇಯಿಸಿದ ರೊಟ್ಟಿಯನ್ನು ಕೊಟ್ಟು ನೋಡಿದಾಗ ಅವರ ರಕ್ತದ ಕೊಲೆಸ್ಟರಾಲ್ ಇಳಿದಿತ್ತು. ಒಲೆಯ ಕಾವಿನಿಂದ ಧಾನ್ಯದ ಗುಣ ಅಳಿಯಲಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಓಟ್ಸಿನಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಕರುಳಿನಲ್ಲಿ ಲೋಳೆಯಾಗಿ ಪಿತ್ತದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತವನ್ನು ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ೧೯೮೦ರ ದಶಕದಲ್ಲಿ ಅಮೆರಿಕದಲ್ಲಿ ಓಟ್ ತವುಡಿನ ಹುಚ್ಚೇ ಹಿಡಿದು, ಎಲ್ಲ ತಿಂಡಿಗೂ ಅದನ್ನು ಬೆರೆಸಿದರು. ೧೯೯೦ರಲ್ಲಿ ಒಂದು ಅಧ್ಯಯನ ಸಂಶಯವೆತ್ತಿದೊಡನೆ ಹುಚ್ಚು ಇಳಿಯಿತು. ಹೆಚ್ಚಿನ ಪರೀಕ್ಷೆಗಳ ಬಳಿಕ, ೧೯೯೭ರಲ್ಲಿ, ದಿನಕ್ಕೆ ಮೂರು ಗ್ರಾಂ ಬೀಟಾ ಗ್ಲೂಕನ್ ಹೃದಯಕ್ಕೆ ಸಹಾಯಕವೆಂದು ಹೇಳಿಕೊಳ್ಳಲು ಅಮೆರಿಕದ ಸರ್ಕಾರ ಅನುಮತಿಯಿತ್ತಿತು. ಆ ಮೂರು ಗ್ರಾಂ ದೊರೆಯಲು ಸುಮಾರು ಎಪ್ಪತ್ತೈದು ಗ್ರಾಂ ಓಟ್ಸ್ ಬೇಕು. ಇಳಿಕೆ ಮಿತವಾದುದು, ಪವಾಡವಲ್ಲ. ಮೇಲೆ ಸಕ್ಕರೆ, ಬೆಣ್ಣೆಗಳನ್ನು ಸುರಿದರೆ ಆ ಮಿತವಾದ ಲಾಭವೂ ಉಳಿಯದು.

ಹೀಗೆ ಕಳೆಯಾಗಿ, ಬಾರ್ಲಿಯ ರೋಗವಾಗಿ, ಕುದುರೆಯ ಮೇವಾಗಿ, ಕ್ಷಾಮದ ಕೂಲಿಯಾಗಿ ಬಂದ ಕಾಳು ಕೊನೆಗೆ ವೈದ್ಯರ ಚೀಟಿಯನ್ನೇರಿತು. ಈ ದೀರ್ಘ ಪ್ರಯಾಣದಲ್ಲಿ ಕಾಳು ಹೆಚ್ಚೇನೂ ಬದಲಾಗಲಿಲ್ಲ. ಆ ನಾರು ಕ್ಷಾಮದ ಹಿಟ್ಟಿನಲ್ಲಿಯೂ ಇತ್ತು. ಬದಲಾದುದು ತಿನ್ನುವವರ ಅಂತಸ್ತು. ಬಡವ ತಿಂದಾಗ ಅದು ಬಡತನ. ಉಳ್ಳವನು ತಿಂದಾಗ ಅದು ಆರೋಗ್ಯ. ಉಳ್ಳವರ ಮೇಜಿಗೆ ಓಟ್ಸ್ ಏರುತ್ತಿದ್ದ ಕಾಲದಲ್ಲಿಯೇ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಸ್ಕಾಟ್ಲೆಂಡಿನ ನಗರಗಳ ಕೂಲಿಕಾರರು ಗಂಜಿಯನ್ನು ಬಿಟ್ಟು ಬಿಳಿ ಬ್ರೆಡ್ಡು, ಚಹಾಗಳಿಗೆ ತಿರುಗುತ್ತಿದ್ದರು.

ನಮ್ಮಲ್ಲಿಯೂ ಇದೇ ನಾಟಕ ನಡೆದಿದೆ. ಭಾರತದ ಸೂಚನೆಯಂತೆ ವಿಶ್ವಸಂಸ್ಥೆ ೨೦೨೩ನ್ನು ಕಿರುಧಾನ್ಯಗಳ ವರ್ಷವೆಂದು ಘೋಷಿಸಿತು. ತೃಣಧಾನ್ಯವೆಂದು ಕರೆಸಿಕೊಂಡಿದ್ದುದು ಕನ್ನಡದಲ್ಲಿ ಸಿರಿಧಾನ್ಯವೆಂಬ ಹೆಸರು ಪಡೆಯಿತು. ಸಂತೋಷವೇ. ಆದರೆ ನನ್ನ ನಾಚಿಕೆಯ ಎರಡನೆಯ ಕಾರಣವನ್ನು ಈಗ ಹೇಳಬೇಕು.

ಪ್ರೌಢಶಾಲೆಗೆಂದು ನನ್ನನ್ನು ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ಬಿಟ್ಟಾಗ ಅವ್ವ ತಿಂಗಳಿಗೊಮ್ಮೆ ರಾಗಿರೊಟ್ಟಿಯ ಗಂಟನ್ನು ಕಳುಹಿಸುತ್ತಿದ್ದಳು. ಅನ್ನ ತಿನ್ನುವ ಮನೆಗಳಿಂದ ಬಂದ ಹುಡುಗರು ನನಗೆ ‘ಮುದ್ದೆ’ ಎಂದೇ ಹೆಸರಿಟ್ಟಿದ್ದರು. ನಾನು ಗಂಟನ್ನು ಟ್ರಂಕಿನಲ್ಲಿ ಬಚ್ಚಿಟ್ಟು, ಕತ್ತಲಾದ ಮೇಲೆ ಹಿತ್ತಿಲಿನ ದನಗಳಿಗೆ ಹಾಕಿ ಬರುತ್ತಿದ್ದೆ. ಊರಿಗೆ ಹೋದಾಗ, “ರೊಟ್ಟಿ ಸಾಕಾಯ್ತೇನಪ್ಪ?” ಎಂದು ಅವಳು ಕೇಳುತ್ತಿದ್ದಳು. ಸಾಕಾಯಿತೆನ್ನುತ್ತಿದ್ದೆ. ಸ್ಕಾಟ್ಲೆಂಡಿನ ಬಡ ಹುಡುಗ ಹಿಟ್ಟಿನ ಚೀಲವನ್ನು ಹೆಗಲ ಮೇಲೆ ಹೊತ್ತು ಹಗಲಿನಲ್ಲಿಯೇ ವಿಶ್ವವಿದ್ಯಾನಿಲಯದ ಬಾಗಿಲನ್ನು ದಾಟಿದ. ನನ್ನಿಂದ ಅದು ಆಗಲಿಲ್ಲ. ಆದುದರಿಂದ ಲಿಚ್‌ಫೀಲ್ಡಿನ ಜಾನ್ಸನ್ನನನ್ನು ನಿಂದಿಸುವ ಹಕ್ಕು ನನಗಿಲ್ಲ.

ಈಗ ವಾರದಲ್ಲಿ ನಾಲ್ಕು ದಿನ ಸೊಸೆಯ ಕೈಯ ಓಟ್ಸನ್ನು ಸುಮ್ಮನೆ ತಿನ್ನುತ್ತೇನೆ, ರುಚಿಯಾಗಿಯೇ ಇರುತ್ತದೆ. ಉಳಿದ ಮೂರು ದಿನಕ್ಕೆ ರಾಗಿರೊಟ್ಟಿ ಮಾಡೆಂದು ಆಕೆಯನ್ನು ಕೇಳಿಕೊಂಡಿದ್ದೇನೆ. ವೈದ್ಯರ ಅಪ್ಪಣೆ ಅದಕ್ಕೂ ಇದೆ. ಅಪ್ಪಣೆಯಿಲ್ಲದೆಯೇ ಅದನ್ನು ಪ್ರೀತಿಯಿಂದ ತಟ್ಟಿ ಕಳುಹಿಸುತ್ತಿದ್ದವಳು ಮಾತ್ರ ಈಗ ಇಲ್ಲ.